ಎರಡನೆಯ ಕಮಾನು

ರೈಲಿನ ಏರಿಯ ಕೆಳಗಿದ್ದ ಆ ಮೋರಿಯನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಮುದುಕಿ ಎನ್ನುತ್ತಿದ್ದರು. ನೂರು ದಾಟಿದ ಇಟ್ಟಿಗೆಯ ಕಮಾನು, ಹಲ್ಲುದುರಿದ ಬಾಯಿ, ಮೈತುಂಬ ಬಿರುಕು. ಅವಳ ತಲೆಯ ಮೇಲೆ ಬಂದ ಕೂಡಲೇ ಎಂಥ ಎಕ್ಸ್‌ಪ್ರೆಸ್ಸೂ ಕಾಲ್ನಡಿಗೆಯ ವೇಗಕ್ಕೆ ಇಳಿಯಬೇಕು. ಬದಲಿಸಬೇಕು, ಬದಲಿಸಬೇಕು ಎನ್ನುತ್ತಲೇ ವರ್ಷಗಟ್ಟಲೆ ಕಾಲ ತಳ್ಳಿದ ಇಲಾಖೆ ಕೊನೆಗೊಂದು ದಿನ ಆ ತಲೆನೋವನ್ನು ನನ್ನ ತಲೆಗೆ ಕಟ್ಟಿತು. ಸೇತುವೆ ವಿಭಾಗದಲ್ಲಿ ಎಂಜಿನಿಯರ್ ಆಗಿರುವ ಹೆಂಗಸು ನಾನೊಬ್ಬಳೇ. ಯಾರಿಗೂ ಬೇಡವಾದ ಕೆಲಸಗಳಿಗೆಲ್ಲ ನಾನೇ ವಾರಸುದಾರಳು.

ನಮ್ಮ ಮೇಲಧಿಕಾರಿಗೆ ಬೆನ್ನ ಹಿಂದೆ ಇರುವ ಹೆಸರು ಆಗಲಿ ಸಾಹೇಬರು. ಏನು ಕೇಳಿದರೂ ಆಗಲಿ ಎನ್ನುತ್ತಾರೆ, ಆಮೇಲೆ ಏನೂ ಆಗುವುದಿಲ್ಲ. ಕೆಟ್ಟವರಲ್ಲ. ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತಿಯ ದಡ ಸೇರಬೇಕೆಂಬುದೊಂದೇ ಅವರ ಆಸೆ. ಮುದುಕಿಯ ಜಾಗಕ್ಕೆ ಏನು ತರೋಣ ಎಂದು ಕೇಳಿದ್ದಕ್ಕೆ, ರೈಲು ನಿಲ್ಲಬಾರದು, ಪತ್ರಿಕೆಯವರು ಬರಬಾರದು, ಉಳಿದದ್ದು ನೀವೇ ಆರಿಸಿ ಎಂದರು.

ಆರಿಸುವುದಕ್ಕೆ ಬಹಳವೇನೂ ಇರಲಿಲ್ಲ. ಹಳೆಯ ಕಮಾನಿನೊಳಗೆ ಉಕ್ಕಿನ ಕೊಳವೆ ತೂರಿಸಿ ಸುತ್ತ ಕಾಂಕ್ರೀಟು ತುಂಬಬಹುದು. ಅದು ಸುಲಭ, ಆದರೆ ಬಾಯಿ ಇನ್ನಷ್ಟು ಕಿರಿದಾಗುತ್ತದೆ. ಏರಿಯನ್ನೇ ಕಡಿದು ಸಣ್ಣ ಸೇತುವೆ ಕಟ್ಟಬಹುದು, ಆದರೆ ಅಷ್ಟು ದಿನ ರೈಲು ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ಉಳಿದದ್ದು ಪೆಟ್ಟಿಗೆ. ಏರಿಯ ಪಕ್ಕದಲ್ಲೊಂದು ಗುಂಡಿ ತೋಡಿ, ಅದರಲ್ಲಿ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ ಎರಕ ಹೊಯ್ದು, ಜಾಕಿ ಇಟ್ಟು ಅದನ್ನು ಮೆಲ್ಲಗೆ ಏರಿಯೊಳಕ್ಕೆ ನೂಕುವುದು. ಮೇಲೆ ರೈಲು ನಿಧಾನವಾಗಿ ಓಡುತ್ತಲೇ ಇರುತ್ತದೆ. ನಾನು ಪೆಟ್ಟಿಗೆಯನ್ನು ಆರಿಸಿದೆ. ಎಷ್ಟು ದೊಡ್ಡ ಪೆಟ್ಟಿಗೆ ಎನ್ನುವುದಷ್ಟೇ ಉಳಿದ ಪ್ರಶ್ನೆ.

ಇಲ್ಲಿಯೇ ಹೇಳಿಬಿಡುತ್ತೇನೆ. ಏರಿಯ ಕೆಳಮಗ್ಗುಲಿನ ಬೀದಿಯಲ್ಲಿ, ಮೋರಿಯಿಂದ ಹೊರಬೀಳುವ ಹಳ್ಳಕ್ಕೆ ಬೆನ್ನು ಹಾಕಿ ನಿಂತ ಕೊನೆಯ ಮನೆ ನನ್ನ ಅಣ್ಣನದು. ಮುಂದಿನ ಕೋಣೆಯಲ್ಲಿ ಹಾಸಿಗೆಯಂಗಡಿ, ಹಿಂದೆ ಸಂಸಾರ, ಅದರ ಹಿಂದೆ ಹತ್ತಿ ಒಣಗಿಸುವ ಅಂಗಳ. ಬೀದಿಗೆಲ್ಲ ಅವನು ಹತ್ತಿ ಅಣ್ಣ. ಹುಬ್ಬಿನ ಮೇಲೆ, ಕಿವಿಯೊಳಗೆ, ಮೀಸೆಯಲ್ಲಿ ಯಾವಾಗಲೂ ಹತ್ತಿಯ ಎಳೆ. ಅವನಿಗೆ ವಯಸ್ಸಾಗುವುದೇ ಇಲ್ಲ, ಹುಟ್ಟಿದಾಗಿನಿಂದ ನರೆತಿದ್ದಾನೆ ಎಂದು ಅತ್ತಿಗೆ ರೇಗಿಸುವುದುಂಟು. ನನಗೆ ಅವನಿಟ್ಟ ಹೆಸರು ಸ್ಕೇಲು. ಚಿಕ್ಕವಳಿದ್ದಾಗ ಕಂಡದ್ದನ್ನೆಲ್ಲ ಅಳೆಯುತ್ತಿದ್ದೆನಂತೆ, ಮಲಗಿದವರ ಮೂಗನ್ನೂ ಬಿಡದೆ.

ನಾನು ಹಾಲುಹಲ್ಲಿನ ವಯಸ್ಸಿನಲ್ಲಿರುವಾಗಲೇ ಅಮ್ಮ ಹೋದಳು. ಮದುವೆಯಾಗಿ ಆ ಮನೆಗೆ ಬಂದ ಅತ್ತಿಗೆಗೆ ಗಂಡನ ಜೊತೆ ನಾನೂ ಸಿಕ್ಕಿದೆ, ಕೊಸರಿನ ಹಾಗೆ. ದಬ್ಬಳ ಹಿಡಿದು ಹಾಸಿಗೆಯ ಅಂಚು ಹೊಲಿಯುತ್ತಲೇ ನನ್ನಿಂದ ಮಗ್ಗಿ ಹೇಳಿಸುತ್ತಿದ್ದಳು. ತಪ್ಪಿದರೆ ದಬ್ಬಳದ ಹಿಂಬದಿಯಿಂದ ಮಂಡಿಗೆ ಒಂದು ತಿವಿತ. ಅವರಿಗೆ ಮಕ್ಕಳಾಗಲಿಲ್ಲ, ಅದರ ಬಗ್ಗೆ ಅವಳು ಮಾತಾಡಿದ್ದೂ ಇಲ್ಲ. ನನಗೆ ಈಗಲೂ ಮನೆ ಎಂದರೆ ಆ ಮನೆಯೇ. ನಾನು ಬಾಡಿಗೆಗಿರುವ ಕೋಣೆ ಬಟ್ಟೆ ನೇತುಹಾಕುವ ಜಾಗ, ಅಷ್ಟೆ. ಹತ್ತಿಯ ಮನೆಗೆ ಬೆಂಕಿ ಬಿಟ್ಟರೆ ಶತ್ರು ನೀರು. ಪ್ರತಿ ಮಳೆಗಾಲ ಹಳ್ಳ ಅಂಗಳದ ಮೆಟ್ಟಿಲವರೆಗೆ ಬಂದು, ಇಣುಕಿ, ವಾಪಸು ಹೋಗುತ್ತಿತ್ತು. ಅಣ್ಣ ಅದನ್ನು ನೆಂಟರು ಬಂದು ಹೋದಂತೆ ಹೇಳುತ್ತಿದ್ದ.

ಪೆಟ್ಟಿಗೆಯ ಅಳತೆಗೆ ಲೆಕ್ಕ ಹಾಕಿದೆ. ಮೇಲಿನ ಗುಡ್ಡಗಳಿಂದ ಇಳಿಯುವ ನೀರಿಗೆ ಮುದುಕಿಯ ಬಾಯಿ ಸಾಲದು, ಅಂಥ ಎರಡು ಬಾಯಿ ಬೇಕು ಎಂದು ಉತ್ತರ ಬಂತು. ತಿರುಗಿಸಿ ಮಾಡಿದೆ. ಅದೇ ಉತ್ತರ. ಕಚೇರಿಯಲ್ಲಿ ತೋರಿಸಿದರೆ ನಕ್ಕರು. ನಮ್ಮ ಕಸುಬಿನಲ್ಲೊಂದು ರೂಢಿಯಿದೆ. ಲೆಕ್ಕಕ್ಕೂ ಹಳೆಯ ಕಟ್ಟಡಕ್ಕೂ ಜಗಳವಾದರೆ ಗೆಲ್ಲುವುದು ಹಳೆಯ ಕಟ್ಟಡ. ನೂರು ವರ್ಷ ನಿಂತಿದೆಯಲ್ಲ ಎಂದುಬಿಟ್ಟರೆ ಮುಗಿಯಿತು, ಎದುರುತ್ತರವಿಲ್ಲ. ಇದ್ದ ಬಾಯಿಗಿಂತ ಕಿರಿದು ಮಾಡಬಾರದು, ಹಿರಿದು ಮಾಡುವ ಉಸಾಬರಿಯೂ ಬೇಡ. ನಾನೂ ಖುಷಿಯಿಂದಲೇ ಒಪ್ಪಿಕೊಂಡೆ. ಬಾಯಿ ದೊಡ್ಡದಾದರೆ ಅದರಿಂದ ಹೊರಬಿದ್ದ ನೀರು ಮೊದಲು ಹೋಗುವುದು ಎಲ್ಲಿಗೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೊಂದರೆ ಬಂದದ್ದು ಗುಂಡಿಯಿಂದ. ಮೊದಲ ನಕ್ಷೆಯಲ್ಲಿ ಜಾಕಿ ಇಡುವ ಗುಂಡಿ ಏರಿಯ ಕೆಳಮಗ್ಗುಲಿಗೆ ಬಂದಿತ್ತು. ಅಂದರೆ ಅಣ್ಣನ ಅಂಗಳಕ್ಕೆ. ಅತ್ತಿಗೆಯ ಹತ್ತಿ ಒಣಗುವ ಜಾಗದಲ್ಲಿ ತಿಂಗಳುಗಟ್ಟಲೆ ಕಾಂಕ್ರೀಟು ಕಲಸುವುದನ್ನು ನೆನೆದು ನನಗೆ ಊಟ ಸೇರಲಿಲ್ಲ. ಗುಂಡಿಯನ್ನು ಮೇಲ್ಮಗ್ಗುಲಿಗೆ ಒಯ್ಯೋಣ, ಅಲ್ಲಿ ಬರೀ ಬೂದಿಗುಡ್ಡೆ ಇದೆ ಎಂದು ಸಾಹೇಬರಿಗೆ ಹೇಳಿದೆ. ಹಬೆಯಂತ್ರಗಳ ಕಾಲದಲ್ಲಿ ಒಲೆ ಕೆದಕಿ ಸುರಿದ ಬೂದಿ, ಕಿಟ್ಟದ ದೊಡ್ಡ ರಾಶಿ ಅದು. ಅದರ ಮೇಲೆ ಈಗ ಮುಳ್ಳುಕಂಟಿ ಬೆಳೆದಿದೆ. ಸಾಹೇಬರು ಆಗಲಿ ಎಂದರು. ಹುಟ್ಟಿದಾಗಿನಿಂದ ಅವರ ಬಾಯಿಂದ ಬಂದ ಆಗಲಿಗಳಲ್ಲಿ ಆಗಿಹೋದದ್ದು ಅದೊಂದೇ ಇರಬೇಕು.

ಬೂದಿಗುಡ್ಡೆಯನ್ನು ಅಗೆದದ್ದು ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಸ್ತ್ರಿ ಮತ್ತು ಅವನ ಜನ. ಮೇಲ್ಮಗ್ಗುಲಿನಲ್ಲಿ ಏರಿಗೆ ಅಂಟಿಕೊಂಡಿರುವ ಸಾಲುಮನೆಗಳಲ್ಲೇ ಅವರ ವಾಸ. ಮಳೆಗಾಲದಲ್ಲಿ ಮೋರಿ ನುಂಗಲಾರದ ನೀರೆಲ್ಲ ಹಿಂದಕ್ಕೆ ನಿಂತು ಅವರ ಮನೆಯೊಳಗೆ ಬರುತ್ತದೆ. ಮಂಚಗಳ ಕಾಲಿನ ಕೆಳಗೆ ಇಟ್ಟಿಗೆ ಇಟ್ಟುಕೊಂಡೇ ಬದುಕುವ ಜನ. ನಾನು ಹೋದಾಗ ಮೇಸ್ತ್ರಿ ಗುಂಡಿಯೊಳಗೆ ನಿಂತಿದ್ದ. ಹಾರೆ ತಗುಲಿದ್ದು ಇಟ್ಟಿಗೆಗೆ. ಇನ್ನಷ್ಟು ಬೂದಿ ಬಾಚಿದ ಮೇಲೆ ಒಂದು ಅಂಚು ಕಂಡಿತು, ಅಂಚು ಬಾಗಿತು, ಬಾಗಿ ಇಳಿಯಿತು.

ಅದು ಕಮಾನು. ಮುದುಕಿಯ ಅವಳಿ. ಅದೇ ಎತ್ತರ, ಅದೇ ಅಗಲ, ಹೊಟ್ಟೆ ತುಂಬ ಬೂದಿ. ಕಟ್ಟಿದವರು ಎರಡು ಬಾಯಿ ಇಟ್ಟೇ ಕಟ್ಟಿದ್ದರು. ಆಮೇಲಿನವರು ಒಂದರ ಮುಂದೆ ಬೂದಿ ಸುರಿದರು, ಅವರ ಆಮೇಲಿನವರು ಅದನ್ನು ಗುಡ್ಡೆ ಎಂದುಕೊಂಡರು. ನೂರು ವರ್ಷ ನಿಂತಿದೆ ಎಂದು ನಾವು ಆಣೆ ಹಾಕುತ್ತಿದ್ದದ್ದು ಅರ್ಧ ಮೋರಿಯ ಮೇಲೆ. ನನ್ನ ಲೆಕ್ಕ ಸರಿಯಾಗಿತ್ತು.

ಏರಿ ಹತ್ತಿ ಆ ಕಡೆ ನೋಡಿದೆ. ಎರಡನೆಯ ಕಮಾನಿನ ನೇರಕ್ಕೆ, ಹಳ್ಳದ ಇನ್ನೊಂದು ಕವಲು ಹರಿಯುತ್ತಿದ್ದ ಜಾಗದಲ್ಲಿ, ಬೀದಿ ಇತ್ತು. ಕಮಾನು ಮುಚ್ಚಿ ನೀರು ಬತ್ತಿದ ಮೇಲೆ ಯಾರೋ ಒಬ್ಬರು ಗುಡಿಸಲು ಹಾಕಿ, ಇನ್ನೊಬ್ಬರು ಗೋಡೆ ಎಬ್ಬಿಸಿ, ಹಳ್ಳದ ಅರ್ಧ ಪಾತ್ರ ಬೀದಿಯಾಗಿಬಿಟ್ಟಿತ್ತು. ಏರಿಗೆ ಎಲ್ಲಕ್ಕಿಂತ ಹತ್ತಿರದ ಮನೆಯ ಅಂಗಳದಲ್ಲಿ ಅತ್ತಿಗೆ ಹತ್ತಿ ಕೊಡವುತ್ತಿದ್ದಳು. ನನ್ನನ್ನು ಕಂಡು ಕೈ ಎತ್ತಿದಳು. ನಾನೂ ಎತ್ತಿದೆ.

ಕೆಳಗೆ ಬಂದಾಗ ಮೇಸ್ತ್ರಿ ತನ್ನ ಜನವನ್ನು ಚಹಾಕ್ಕೆ ಕಳಿಸಿದ್ದ. ಅಣ್ಣನ ಮನೆ ಯಾವುದೆಂದು ಅವನಿಗೆ ಗೊತ್ತು, ಅವನ ಮಗಳ ಮದುವೆಗೆ ಹಾಸಿಗೆ ಅಲ್ಲಿಂದಲೇ ಹೋಗಿತ್ತು.

"ಮುಚ್ಚಿಬಿಡೋಣ್ವಾ ಮೇಡಂ?" ಎಂದ. "ಬೂದಿ ತಾನೇ, ಎಳೆದು ಹಾಕಿದ್ರೆ ಆಯ್ತು. ನಮಗೇನು, ಮೊಣಕಾಲುದ್ದ ನೀರು ಅಭ್ಯಾಸ ಆಗೋಗಿದೆ."

ತನ್ನ ಮನೆಯನ್ನೇ ಮುಳುಗಲು ಬಿಟ್ಟು ನನ್ನ ಮನೆ ಉಳಿಸುತ್ತೇನೆ ಎನ್ನುತ್ತಿದ್ದಾನೆ ಈ ಮನುಷ್ಯ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು. ನಾಳೆ ಹೇಳುತ್ತೇನೆ ಎಂದೆ. ಹೊರಡುವಾಗ ಏರಿಯ ಕೆಳಮಗ್ಗುಲಿನ ಬುಡವನ್ನು ಸುತ್ತಿಕೊಂಡು ಬಂದೆ. ಹಿಂದಿನ ವಾರದ ಮಳೆಯ ನೀರು ಮೇಲ್ಮಗ್ಗುಲಿನಲ್ಲಿ ಇನ್ನೂ ನಿಂತಿತ್ತು, ಈ ಕಡೆ ಬುಡದಲ್ಲಿ ಜಿನುಗುತ್ತಿತ್ತು. ಏರಿ ಜಿನುಗುವುದು ಹೊಸದಲ್ಲ. ಜಿನುಗು ತಿಳಿಯಾಗಿದ್ದರೆ ಭಯವಿಲ್ಲ. ಬೊಗಸೆಯಲ್ಲಿ ಹಿಡಿದು ನೋಡಿದೆ. ಬಗ್ಗಡ. ಏರಿ ಒಳಗಿನಿಂದ ತನ್ನನ್ನು ತಾನೇ ತೊಳೆದುಕೊಳ್ಳುತ್ತಿತ್ತು. ಹೀಗೆಯೇ ಹಿಂದೆ ನೀರು ನಿಲ್ಲಲು ಬಿಟ್ಟರೆ ಒಂದು ಮಳೆಗಾಲ ಇರಬಹುದು, ಎರಡು ಇರಬಹುದು, ಆಮೇಲೊಂದು ದಿನ ತುಂಬಿದ ರೈಲಿನ ಕೆಳಗೆ ಅದು ಕುಸಿಯುತ್ತದೆ. ಮೇಲೆ ಒಂದು ಪ್ಯಾಸೆಂಜರ್ ಹೋಯಿತು, ಆಮೆಯ ಹಾಗೆ. ಕಿಟಕಿಯಲ್ಲಿ ಒಬ್ಬಳು ಮಗುವಿನ ತಲೆ ಬಾಚುತ್ತಿದ್ದಳು.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅಣ್ಣನ ಮನೆ ಎಂಬುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಎರಡನೆಯದನ್ನು ನಾವು ನೋಡಿಯೇ ಇಲ್ಲ ಎಂದುಕೊಂಡರೆ ಹೇಗೆ ಎಂದು ಕೇಳಿದರು. ಇದು ನನಗೆ ಅವರು ಮಾಡಲು ಹೊರಟ ಉಪಕಾರ ಎಂದು ಅರ್ಥವಾಯಿತು. ಜಗತ್ತೆಲ್ಲ ಅಂದು ನನಗೆ ಉಪಕಾರ ಮಾಡಲು ಟೊಂಕ ಕಟ್ಟಿ ನಿಂತಂತಿತ್ತು. ನಾನು ಬಗ್ಗಡದ ಮಾತು ಹೇಳಿದೆ. ಅವರು ಮತ್ತದೇ ಮಾತು ಹೇಳಿದರು. ನೀವೇ ಆರಿಸಿ.

ನಾನು ಎರಡು ಪೆಟ್ಟಿಗೆಯನ್ನು ಆರಿಸಿದೆ. ಹಾಗೆ ಆರಿಸುವಾಗ ಒಂದು ಆಸೆ ಇಟ್ಟುಕೊಂಡಿದ್ದೆ, ಮುಚ್ಚಿಡುವುದಿಲ್ಲ. ಮೋರಿಯಿಂದಾಚೆ ಬೀದಿಯನ್ನು ಬಳಸಿ ಒಂದು ಕಾಲುವೆ ತೋಡಿ, ಹೆಚ್ಚಿನ ನೀರನ್ನು ಕೆಳಗಿನ ಬಯಲಿಗೆ ಒಯ್ಯುವ ನಕ್ಷೆ ಬರೆದೆ. ಚೆಂದದ ನಕ್ಷೆ. ಆದರೆ ರೈಲ್ವೆಯ ಜಾಗ ಬೇಲಿಗೆ ಮುಗಿಯುತ್ತದೆ. ಬೇಲಿಯಾಚೆಯದು ನಗರಸಭೆಯದು. ನಗರಸಭೆಯವರು ಬಂದರು, ನೋಡಿದರು, ಅಗತ್ಯವಾಗಿ ಮಾಡಬೇಕಾದ ಕೆಲಸ ಎಂದರು, ಬಿಸ್ಕತ್ತು ತಿಂದರು. ಬೀದಿಯ ಮನೆಗಳೆಲ್ಲ ಅವರ ಕಾಗದದಲ್ಲಿ ಹಳ್ಳದೊಳಗೇ ಇದ್ದವು. ಹಳ್ಳದೊಳಗೆ ಮನೆ ಕಟ್ಟಿದವರಿಗೆ ಬೇರೆ ಮನೆ ಕೊಡುವ ಕಟ್ಟುಪಾಡು ಯಾರಿಗೂ ಇಲ್ಲವಂತೆ. ಕಾಲುವೆ ಮಾತ್ರ ಖಂಡಿತ ಎಂದರು. ಅವರು ಹೋದ ಮೇಲೆ ನಮ್ಮ ನಕ್ಷೆಗಾರ ತಟ್ಟೆ ಎತ್ತುತ್ತ, ಇವರ ಕಾಲುವೆ ಬರುವಷ್ಟರಲ್ಲಿ ಹಳ್ಳವೇ ಬತ್ತಿರುತ್ತದೆ ಎಂದ. ಯಾರೂ ನಗಲಿಲ್ಲ.

ಭಾನುವಾರ ಅಣ್ಣನ ಮನೆಗೆ ಹೋಗಿ ಹೇಳಿದೆ. ಅಣ್ಣ ಮೊದಲು ತಮಾಷೆ ಎಂದುಕೊಂಡ. ನಿನ್ನ ಸ್ಕೇಲು ಮುರಿದುಹೋಗಿದೆ, ಹೊಸದು ಕೊಡಿಸುತ್ತೇನೆ ಎಂದ. ನಾನು ಗೋಡೆಯ ಮೇಲೆ ಕೈಯಿಟ್ಟು, ನೀರು ಎಲ್ಲಿಯವರೆಗೆ ಬರುತ್ತದೆಂದು ತೋರಿಸಿದೆ. ಕೈ, ಅವನು ನಿಂತರೆ ಎದೆಗೆ ಬರುವಷ್ಟು ಎತ್ತರದಲ್ಲಿತ್ತು. ಅವನು ಆ ಕೈಯನ್ನೇ ನೋಡುತ್ತ ಕುಳಿತ. ಬೇರೆ ಕಡೆ ಮನೆ ನೋಡಿ, ನನ್ನ ಕೋಣೆಗಾದರೂ ಬನ್ನಿ ಎಂದೆ. ಹತ್ತಿ, ಹೊಲಿಗೆ ಯಂತ್ರ, ವರ್ಷಗಳಿಂದ ಕಟ್ಟಿಕೊಂಡ ಗಿರಾಕಿಗಳು, ಇದನ್ನೆಲ್ಲ ನಿನ್ನ ಕೋಣೆಯ ಯಾವ ಮೊಳೆಗೆ ನೇತುಹಾಕಲಿ ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು.

ಅತ್ತಿಗೆ ಅಷ್ಟು ಹೊತ್ತೂ ಒಂದು ಅಂಚು ಹೊಲಿಯುತ್ತಲೇ ಇದ್ದಳು.

"ನಿನ್ನ ಮೇಲಿನವರು ಒತ್ತಾಯ ಮಾಡಿದ್ರಾ?" ಎಂದು ಕೇಳಿದಳು.

"ಇಲ್ಲ ಅತ್ತಿಗೆ. ಬೇಡ ಅಂತಲೇ ಅಂದ್ರು."

"ಮತ್ತೆ?"

"ನಾನು ಬಿಟ್ಟಿದ್ರೆ ಏರಿ ಕುಸೀತಿತ್ತು. ರೈಲು ತುಂಬ ಜನ."

ಅವಳು ದಾರ ಕಚ್ಚಿ ಕತ್ತರಿಸಿದಳು. ರೈಲಿನ ಜನ ಯಾರು, ಏನು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಊಟಕ್ಕೆ ಏಳಿ ಎಂದಳು. ಅಣ್ಣ ಏಳಲಿಲ್ಲ. ಅಂದಿನಿಂದ ಅವನು ನನ್ನನ್ನು ಸ್ಕೇಲು ಎನ್ನುವುದನ್ನು ಬಿಟ್ಟ. ಹೋದಾಗಲೆಲ್ಲ, ಬನ್ನಿ ಎನ್ನುತ್ತಿದ್ದ. ಬಹುವಚನದಲ್ಲಿ.

ಪೆಟ್ಟಿಗೆಗಳು ಬೇಸಿಗೆಯಲ್ಲಿ ಒಳಹೋದವು. ಒಂದೊಂದು ನೂಕಿಗೂ ಏರಿಯೊಳಗಿಂದ ನರಳಿದಂಥ ಸದ್ದು. ಗೆರೆ ಎಳೆದ ಹಾಗೆ, ಒಂದು ಬೆರಳಷ್ಟೂ ಅತ್ತಿತ್ತ ಆಗದೆ, ಎರಡೂ ಕೂತವು. ಬೇರೆ ಊರಿನ ಎಂಜಿನಿಯರುಗಳು ನೋಡಲು ಬಂದರು. ಕಾಲುವೆಗಾಗಿ ನಾನು ನಗರಸಭೆಯ ಮೆಟ್ಟಿಲು ಸವೆಸಿದೆ. ಅಲ್ಲಿಯ ಒಬ್ಬ ಗುಮಾಸ್ತೆಗೆ ನನ್ನನ್ನು ಕಂಡರೆ ಎಷ್ಟು ಬೇಸರವಾಯಿತೆಂದರೆ, ಕೊನೆಕೊನೆಗೆ ನಾನು ಬಾಗಿಲಲ್ಲಿ ಕಂಡ ಕೂಡಲೇ ಅವಳೇ ತಲೆಯಾಡಿಸಿಬಿಡುತ್ತಿದ್ದಳು. ಒಂದು ಗುದ್ದಲಿಯೂ ಬೀಳಲಿಲ್ಲ. ಅಣ್ಣ ಅಂಗಳದ ಅಂಚಿಗೆ ಮರಳಿನ ಚೀಲ ಜೋಡಿಸಿದ. ಅದರಿಂದ ಏನೂ ಆಗದೆಂದು ನನಗೆ ಗೊತ್ತಿತ್ತು. ಅವನ ಜೊತೆ ನಾನೂ ಚೀಲ ಹೊತ್ತೆ, ಅವನು ಬೇಡವೆನ್ನಲಿಲ್ಲ.

ನೆರೆ ಬಂದದ್ದು ಮಧ್ಯಾಹ್ನ, ಎಲ್ಲರ ಕಣ್ಣೆದುರಿಗೆ. ಗುಡ್ಡದ ಮೇಲೆ ಬೆಳಗಿನಿಂದ ಸುರಿದಿತ್ತಂತೆ. ನಾನು ಏರಿಯ ಮೇಲಿದ್ದೆ. ಹಳ್ಳ ಕೆಂಪಗೆ ತುಂಬಿ ಬಂತು, ಎರಡು ಬಾಯಿಗೆ ಸಮನಾಗಿ ಹಂಚಿಕೊಂಡಿತು, ಎಲ್ಲೂ ತಡೆಯದೆ, ಸುಳಿಯದೆ, ಏರಿಯ ಕೆಳಗಿನಿಂದ ದಾಟಿತು. ಮೇಲ್ಮಗ್ಗುಲಿನ ಸಾಲುಮನೆಗಳ ಹೊಸ್ತಿಲು ಒದ್ದೆಯಾಗಲಿಲ್ಲ. ನಾನು ಬರೆದ ಗೆರೆಯನ್ನು ನೀರು ಓದಿಕೊಂಡು ಬಂದಂತಿತ್ತು. ನಾನು ಇಳಿಜಾರಿನಲ್ಲಿ ಓಡಿದೆ, ಬಿದ್ದೆ, ಎದ್ದು ಓಡಿದೆ. ಬೀದಿಯ ಜನ ಆಗಲೇ ಮಕ್ಕಳು ಮರಿಗಳನ್ನು ಎತ್ತಿಕೊಂಡು ಏರಿ ಹತ್ತುತ್ತಿದ್ದರು, ಬೇರೆ ಎತ್ತರದ ಜಾಗ ಅಲ್ಲಿ ಇಲ್ಲ. ಅಣ್ಣ ಮಾತ್ರ ಅಂಗಡಿಯಲ್ಲಿ ಹಾಸಿಗೆಗಳನ್ನು ಅಟ್ಟಕ್ಕೆ ಎತ್ತುತ್ತಿದ್ದ. ಮೇಸ್ತ್ರಿ ಮತ್ತು ನಾನು ಅವನ ರಟ್ಟೆ ಹಿಡಿದು ಎಳೆದು ತಂದೆವು. ನೀರು ಕುಡಿದ ಹತ್ತಿ ಊದಿ, ಹೊರಳಿ, ಒಳಗಿನಿಂದಲೇ ಗೋಡೆಗೆ ಒತ್ತಿತು. ಹಿಂದಿನ ಗೋಡೆ ಮೊದಲು ಹೋಯಿತು. ಆಮೇಲೆ ಸೂರು. ನಾನು ಅಳೆದು ಬೆಳೆದ ಮನೆ ಕೆಂಪು ನೀರಿನಲ್ಲಿ ಬಿಳಿ ಮುದ್ದೆಗಳಾಗಿ ತೇಲಿಕೊಂಡು ಹೋಯಿತು. ಜನ ಯಾರೂ ಸಾಯಲಿಲ್ಲ. ಆಮೇಲೆ ಎಲ್ಲರೂ ಇದನ್ನು ಹೇಳಿದರು, ನನ್ನನ್ನು ಸಮಾಧಾನ ಮಾಡಲಿಕ್ಕೆ.

ಬೀದಿಗೆ ಬೀದಿಯೇ ಜಲ್ಲಿಯ ಮೇಲೆ ಕುಳಿತಿತ್ತು. ರೈಲು ಬರುತ್ತದೆಂದು ಕಾವಲಿನವನು ಕೂಗಿದಾಗ ಎಲ್ಲರೂ ಅಂಚಿಗೆ ಸರಿದರು. ಎಕ್ಸ್‌ಪ್ರೆಸ್ ನಿಧಾನವಾಗಲಿಲ್ಲ. ಈಗ ಆಗಬೇಕಾಗಿಯೂ ಇಲ್ಲ. ಪೂರ್ತಿ ವೇಗದಲ್ಲಿ ಹೋಯಿತು, ಅದರ ಗಾಳಿಗೆ ಹೆಂಗಸರ ಸೆರಗು ಹಾರಿತು, ಕಿಟಕಿಯ ಮುಖ ಒಂದೂ ಕಾಣಲಿಲ್ಲ. ಸಾಹೇಬರು ಫೋನು ಮಾಡಿ, ಮೋರಿ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಸರ್ ಎಂದೆ. ಬೇರೇನು ಹೇಳಲಿ, ಚೆನ್ನಾಗಿಯೇ ಇತ್ತು.

ಅಣ್ಣ ಸ್ವಲ್ಪ ದೂರದಲ್ಲಿ, ನನಗೆ ಬೆನ್ನು ಹಾಕಿ ಕುಳಿತಿದ್ದ. ಅತ್ತಿಗೆ ಎದ್ದು ನನ್ನ ಪಕ್ಕಕ್ಕೆ ಬಂದು ಕೂತಳು. ಒದ್ದೆ ಸೆರಗಿನಿಂದ ನನ್ನ ಮೊಣಕಾಲಿನ ರಕ್ತ ಒರೆಸಿದಳು.

"ಎಲ್ಲಾದ್ರೂ ಲೆಕ್ಕ ತಪ್ಪಿತ್ತಾ ಮಗು?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಅತ್ತಿಗೆ. ಎಲ್ಲ ಸರಿಯಾಗೇ ಇತ್ತು."

ಅವಳು ಅಣ್ಣನ ಬೆನ್ನನ್ನು ನೋಡಿದಳು. ಮತ್ತೆ ನನ್ನ ಕಡೆ ತಿರುಗಿದಳು.

"ತಪ್ಪಿತ್ತು ಅಂತ ಹೇಳು. ಸುಳ್ಳಾದ್ರೂ ಸರಿ, ಹೋಗಿ ನಿಮ್ಮಣ್ಣನಿಗೆ ಹೇಳು. ನಿನ್ನನ್ನ ಕ್ಷಮಿಸೋಕೆ ಅವರಿಗೆ ಏನಾದ್ರೂ ಒಂದು ಬೇಕಲ್ಲ."

ನಾನು ಎದ್ದೆ. ಅವನ ಹಿಂದೆ ಹೋಗಿ ನಿಂತೆ. ಅವನ ಕಿವಿಯ ಹಿಂದೆ ಒದ್ದೆ ಹತ್ತಿ ಅಂಟಿತ್ತು. ಅಣ್ಣ ಎಂದೆ. ಅವನು ತಿರುಗಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದ, ಹೆಗಲು ಬಿಗಿಯಾಗಿತ್ತು. ಒಂದೇ ಒಂದು ಮಾತು. ಹೇಳಿದ್ದರೆ ಅವನು ಬಯ್ಯುತ್ತಿದ್ದ, ಒಂದು ಹೊಡೆಯುತ್ತಿದ್ದ, ಆಮೇಲೆ ಅಳುತ್ತಿದ್ದ. ನಾನು ಆ ಸುಳ್ಳನ್ನು ಹೇಳಲಿಲ್ಲ. ತಪ್ಪಿರಲಿಲ್ಲ. ಮತ್ತೆ ಕೇಳಿದರೆ ಮತ್ತೆ ಅದನ್ನೇ ಆರಿಸುತ್ತಿದ್ದೆ, ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಕಾದು, ಅವನು ಎದ್ದು ಅತ್ತಿಗೆಯನ್ನು ಕರೆದುಕೊಂಡು ಹಳಿಯ ಗುಂಟ ನಡೆದ.